ಜೂನ್ 33ಕ್ಕೆ ಗೂಡು ಬಿಡಿಸಬೇಕು!

ಶಿಡ್ಲಘಟ್ಟ, ಚಿಂತಾಮಣಿ ಕಡೆಯಿಂದ ಕೇಳ್ತಿರೋರಿಗೆ ಇವತ್ತಿನ ವಿಷಯ ಅರ್ಧ ಮನೆಯಲ್ಲೇ ಗೊತ್ತಿರುತ್ತೆ. ಇನ್ನರ್ಧ ಜಾವಾಸ್ಕ್ರಿಪ್ಟ್.

ಶಿಡ್ಲಘಟ್ಟದ ಹತ್ತಿರ ನಮ್ಮ ಚಿಕ್ಕಪ್ಪ ರೇಷ್ಮೆ ಬೆಳೀತಾರೆ. ಹಣ್ಣಾದ ಹುಳುಗಳನ್ನ ಚಂದ್ರಿಕೆಗೆ ಬಿಟ್ಟ ತಾರೀಕು ಹಾಕಿದ್ರೆ ಗೂಡು ಬಿಡಿಸೋ ತಾರೀಕು ಹೇಳೋ ಒಂದು ಚಿಕ್ಕ ವೆಬ್ ಪೇಜ್ ಮಾಡಿಕೊಟ್ಟೆ. ನಾನು ಬಿ.ಕಾಂ., ಬಡ್ಡಿಗೆ ದಿನ ಎಣಿಸಿ ಅಭ್ಯಾಸ. ಐದು ದಿನ ಕೂಡಿಸೋದೇನು ಮಹಾ ಅಂದ್ಕೊಂಡೆ.

ಮೊದಲು ಡೇಟ್‌ಗೆ ನೇರವಾಗಿ ಪ್ಲಸ್ 5 ಅಂತ ಬರೆದೆ. ಅದು ಕೂಡಿಸಲೇ ಇಲ್ಲ, ವಾರ, ತಾರೀಕು, ಗಂಟೆ ಎಲ್ಲ ಇರೋ ಉದ್ದ ಸಾಲಿನ ಬಾಲಕ್ಕೆ 5 ಅಂಟಿಸಿತು. ಆಮೇಲೆ ತಿಂಗಳು. ಇಲ್ಲಿ ಜನವರಿ ಅಂದ್ರೆ 0, ಜೂನ್ ಅಂದ್ರೆ 5. 1995ರಲ್ಲಿ ಬ್ರೆಂಡನ್ ಐಕ್ ಈ ಭಾಷೆಯ ಮೊದಲ ರೂಪವನ್ನ ಹತ್ತು ದಿನದಲ್ಲಿ ಕಟ್ಟಿದ್ರು. ಡೇಟ್ ಭಾಗ ಜಾವಾದಿಂದ ಬಂತು, ಈ ವಿಚಿತ್ರ ಎಣಿಕೆಯೂ ಜೊತೆಗೇ ಬಂತು.

ಒಂದು ಒಳ್ಳೇ ಗುಣ ಇದೆ. ಜೂನ್ 28ಕ್ಕೆ ಹುಳು ಬಿಟ್ಟಿದ್ರು. ಸೆಟ್‌ಡೇಟ್‌ಗೆ 28 ಪ್ಲಸ್ 5, ಅಂದ್ರೆ 'ಜೂನ್ 33' ಕೊಟ್ರೂ ಅದು ಬೈಯಲ್ಲ, ತಾನೇ ಜುಲೈ 3 ಮಾಡ್ಕೊಳ್ಳುತ್ತೆ.

ಆದ್ರೆ ಚಿಕ್ಕಪ್ಪನ ಫೋನಲ್ಲಿ ಬಂದಿದ್ದು ಜುಲೈ 2! ಅವತ್ತು ಬೆಳಗ್ಗೆ ಚಿಕ್ಕಮ್ಮ ಒಂದು ಗೂಡು ಕತ್ತರಿಸಿ ನೋಡಿ, "ಇನ್ನೂ ಎಳಸು ಕಣಪ್ಪ, ಇವತ್ತೇ ಅಂತ ಯಾರು ಹೇಳಿದ್ದು?" ಅಂದ್ರು. ನಾನು ತಲೆ ತಗ್ಗಿಸಿದೆ. ಕೋಶ ಗಟ್ಟಿಯಾಗೋ ಮುಂಚೆ ಬಿಡಿಸಿದ್ರೆ ಒಳಗೇ ಒಡೆದು ಗೂಡಿಗೆ ಕಲೆ ಹತ್ತುತ್ತೆ, ಮಾರ್ಕೆಟ್‌ನಲ್ಲಿ ರೀಲರ್ ಒಂದು ಹಿಡಿ ಎತ್ತಿ ನೋಡಿದ್ರೆ ಸಾಕು, ರೇಟ್ ಬೀಳುತ್ತೆ. ತೀರಾ ತಡವಾದ್ರೆ ಚಿಟ್ಟೆ ಗೂಡು ತೂತು ಮಾಡಿ ಹೊರಗೆ ಬರುತ್ತೆ, ಆಗ ನೂಲೇ ಬಿಚ್ಚೋಕಾಗಲ್ಲ.

ಕೂಡಿದ ಲೆಕ್ಕ ಸರಿಯೇ ಇತ್ತು, ತೋರಿಸಿದ್ದು ತಪ್ಪು. ನಾನು ಬಳಸಿದ್ದು ಟುಐಎಸ್‌ಒಸ್ಟ್ರಿಂಗ್. ಅದು ಕೊಡೋದು ಯುಟಿಸಿ ಸಮಯ. ನಾವು ಅದಕ್ಕಿಂತ ಐದೂವರೆ ಗಂಟೆ ಮುಂದೆ. ನಮಗೆ ಜುಲೈ 3 ಶುರುವಾಗೋ ಮಧ್ಯರಾತ್ರಿ, ಯುಟಿಸಿಯಲ್ಲಿ ಇನ್ನೂ ಜುಲೈ 2ರ ಸಂಜೆ 6.30. ಅದರಿಂದ ತಾರೀಕಷ್ಟೇ ಕತ್ತರಿಸಿಕೊಂಡೆ, ಒಂದು ದಿನ ಹೋಯ್ತು.

ಈಗ ಗೆಟ್‌ಫುಲ್‌ಇಯರ್, ಗೆಟ್‌ಮಂತ್ ಪ್ಲಸ್ 1, ಗೆಟ್‌ಡೇಟ್ ಮೂರನ್ನೂ ಬೇರೆ ಬೇರೆ ತಗೊಂಡು ಜೋಡಿಸ್ತೀನಿ. ದಿನಕ್ಕೆ 8,64,00,000 ಮಿಲಿಸೆಕೆಂಡ್ ಅಂತ ಗುಣಿಸೋರೂ ಇದ್ದಾರೆ. ನಮ್ಮಲ್ಲಿ ನಡೆಯುತ್ತೆ. ಅಮೆರಿಕದ ಬಹುಪಾಲು ಕಡೆ ಮಾರ್ಚ್‌ನಲ್ಲಿ ಒಂದು ದಿನಕ್ಕೆ 23 ಗಂಟೆ, ನವೆಂಬರ್‌ನಲ್ಲಿ ಒಂದು ದಿನಕ್ಕೆ 25. ಅಲ್ಲಿ ಕೈ ಕೊಡುತ್ತೆ. ಟೆಂಪೊರಲ್ ಅನ್ನೋ ಹೊಸ ಸೌಲಭ್ಯದಲ್ಲಿ ಗಂಟೆಯ ಗೋಜಿಲ್ಲದ ಬರೀ ತಾರೀಕು ಇದೆ. ಫೈರ್‌ಫಾಕ್ಸ್‌ಗೆ 2025ರಲ್ಲೇ ಬಂತು. ಚಿಕ್ಕಪ್ಪನ ಹಳೇ ಫೋನಿಗೆ ಅದು ಬರೋವರೆಗೂ ನಾನು ಪ್ಲಸ್ 1 ಹಾಕ್ತಾ ಇರ್ತೀನಿ, ಚಿಕ್ಕಮ್ಮ ಗೂಡು ಕತ್ತರಿಸ್ತಾ ಇರ್ತಾರೆ.