ಸಂಬಳವಿಲ್ಲದ ಕತ್ತಿ



ಚಿತ್ರದುರ್ಗದ ಚಂದ್ರವಳ್ಳಿಗೆ ಹೋದವರು ಗುಹೆ ನೋಡುತ್ತಾರೆ, ಕೆರೆದಂಡೆಯಲ್ಲಿ ಬುತ್ತಿ ಬಿಚ್ಚುತ್ತಾರೆ. ಭೈರವೇಶ್ವರ ಗುಡಿಯ ಬಳಿಯ ಬಂಡೆಯ ಮೇಲೆ ಮೂರು ಸಾಲಿನ ಬ್ರಾಹ್ಮಿ ಬರಹವಿದೆ. ಅತ್ತ ಕಣ್ಣು ಹಾಯಿಸುವವರು ಕಡಿಮೆ. ಕದಂಬ ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಪ್ರಾಕೃತ ಶಾಸನ ಅದು. ಇಲ್ಲಿ ಅವನು ದೊರೆ. ಅದಕ್ಕೂ ಮುಂಚೆ ಏನಾಗಿದ್ದ? ತಾಳಗುಂದದ ಸ್ತಂಭಶಾಸನ ಕೇಳಿ: ಕಂಚಿಗೆ ಓದಲು ಹೋದವನಿಗೆ ಪಲ್ಲವರ ರಾವುತನೊಡನೆ ಜಗಳವಾಯಿತು. ಓದು ಬಿಟ್ಟು ಕತ್ತಿ ಹಿಡಿದ. ಗಡಿಕಾವಲಿನವರನ್ನು ಸೋಲಿಸಿ ಶ್ರೀಪರ್ವತದ ಕಾಡು ಸೇರಿದ, ಬಾಣರಿಂದ ಕಪ್ಪ ವಸೂಲು ಮಾಡಿದ. ಅಂದಿನ ಪಲ್ಲವರ ಪಾಲಿಗೆ ಅವನು ಬರೀ ದಂಗೆಕೋರ. ಬಗ್ಗಿಸಲಾಗದೆ ಕೊನೆಗೆ ಅವರೇ ಅವನಿಗೆ ಪಟ್ಟ ಒಪ್ಪಿಸಿದರು.

ಅರಸನ ಲೆಕ್ಕಪುಸ್ತಕದಲ್ಲಿ ಹೆಸರಿಲ್ಲದೆ ಆಯುಧ ಹಿಡಿದವರ ಮಾನ ಅಪಮಾನವೆಲ್ಲ ಹೀಗೇ, ಹೇಳುವವರು ಯಾರು ಎಂಬುದರ ಮೇಲೆ. ತುರುಗೋಳಿನಲ್ಲಿ ಸತ್ತವನಿಗೆ ಅವನ ಊರು ವೀರಗಲ್ಲು ನಿಲ್ಲಿಸಿತು. ದನ ಹೊಡೆದುಕೊಂಡು ಹೋದವರೂ ತಮ್ಮೂರಲ್ಲಿ ಶೂರರೇ ಆಗಿದ್ದಿರಬೇಕು.

ದುರ್ಗದ ನಾಯಕರ ಬಲವೂ ಇಂಥದ್ದೇ. ಮತ್ತಿ ತಿಮ್ಮಣ್ಣ ನಾಯಕನ ಕಾಲದಿಂದ ಕೋಟೆಯನ್ನು ಕಾಯ್ದವರಲ್ಲಿ ಬೇಡರದೇ ದೊಡ್ಡ ಪಾಲು. ಆದರೆ ಜನ ಇವತ್ತಿಗೂ ನೆನೆಯುವುದು ಪಡೆಯಲ್ಲೇ ಇಲ್ಲದ ಒಬ್ಬ ಹೆಂಗಸನ್ನು. ಕಾವಲಿನ ಕಹಳೆ ಮುದ್ದಹನುಮ ಊಟಕ್ಕೆ ಕೂತಿದ್ದ, ನೀರಿಗೆಂದು ಬಂದ ಅವನ ಹೆಂಡತಿ ಓಬವ್ವ ಕಿಂಡಿಯಲ್ಲಿ ಶತ್ರು ನುಸುಳುವುದನ್ನು ಕಂಡು ಒನಕೆ ಹಿಡಿದಳು ಎನ್ನುತ್ತದೆ ಕತೆ. ಆ ಕಿಂಡಿಯನ್ನು ಒಮ್ಮೆ ಹತ್ತಿರದಿಂದ ನೋಡಿ: ಒಬ್ಬೊಬ್ಬನೇ ತಲೆ ಬಗ್ಗಿಸಿ, ಮೈ ಹಿಂಡಿಕೊಂಡು ಬರಬೇಕು. ಅಲ್ಲಿ ಫಿರಂಗಿಗಿಂತ ಒನಕೆಯೇ ಸಲೀಸು.

1779ರಲ್ಲಿ ಹೈದರಾಲಿ ಕೋಟೆ ಗೆದ್ದ. ಮದಕರಿ ನಾಯಕನನ್ನು ಸೆರೆಹಿಡಿದಷ್ಟಕ್ಕೆ ಅವನಿಗೆ ಸಮಾಧಾನವಾಗಲಿಲ್ಲ. ಕೋಟೆಯ ಕಲ್ಲಿಗಿಂತ ಈ ಜನವೇ ಅಪಾಯ ಎಂದು ಅವನಿಗೆ ಗೊತ್ತಿತ್ತು. ಸುಮಾರು 20,000 ಬೇಡರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿದ, ಹುಡುಗರನ್ನು ಆರಿಸಿ ಚೇಲಾ ಪಡೆ ಕಟ್ಟಿದ ಎಂದು ಇತಿಹಾಸಕಾರ ವಿಲ್ಕ್ಸ್ ಬರೆಯುತ್ತಾನೆ. ನಿನ್ನೆಯವರೆಗೆ ನಾಯಕರಿಗೆ ನಡೆದುಕೊಂಡವರ ಮಕ್ಕಳು ಹೈದರನ ಸಿಪಾಯಿಗಳಾದರು!

ಮೈಸೂರು ಸೀಮೆಯಲ್ಲಿ ಕಂದಾಚಾರದ ಕಾಲಾಳುಗಳೂ ಇದ್ದರು. ಹಳ್ಳಿಯಲ್ಲೇ ಇದ್ದು ಹೊಲ ಉಳುತ್ತ, ಕರೆ ಬಂದಾಗ ಹೊರಡುವ ಮಂದಿ. ಬ್ರಿಟಿಷರ ಕಾಲಕ್ಕೆ ಅವರ ಕೆಲಸ ಮೆಲ್ಲಗೆ ಪೊಲೀಸರಿಗೆ ದಾಟಿತು.

ಎಲ್ಲರೂ ಹಾಗೆ ಸುಮ್ಮನಿರಲಿಲ್ಲ. 1857ರಲ್ಲಿ ಆಯುಧ ಒಪ್ಪಿಸಿ ಎಂಬ ಹುಕುಂ ಮುಧೋಳ ಸಂಸ್ಥಾನದ ಹಲಗಲಿಗೆ ಬಂದಾಗ ಅಲ್ಲಿನ ಬೇಡರು ಒಪ್ಪಲಿಲ್ಲ. ಬೇಟೆ, ಕಾವಲು, ಮರ್ಯಾದೆ ಎಲ್ಲವೂ ಆ ಆಯುಧದಲ್ಲೇ ಇತ್ತು. ಕಂಪನಿ ಸೈನ್ಯ ಊರಿಗೆ ಬೆಂಕಿಯಿಟ್ಟಿತು. ಹಿಡಿದವರಲ್ಲಿ 19 ಮಂದಿ ನೇಣಿಗೇರಿದರು. ಸರ್ಕಾರಿ ಕಾಗದದಲ್ಲಿ ಅದು ದಂಗೆ, ಲಾವಣಿಯಲ್ಲಿ ಶೌರ್ಯ. ತಮಾಷೆ ನೋಡಿ, ಆ ಲಾವಣಿಯನ್ನು ಮೂರು ದಶಕದೊಳಗೆ ಸಂಗ್ರಹಿಸಿ ಅಚ್ಚು ಹಾಕಿಸಿದವನು ಅದೇ ಸರ್ಕಾರದ ಅಧಿಕಾರಿ ಫ್ಲೀಟ್.

ಕೊಡವರಿಗೆ ಮಾತ್ರ ಬಂದೂಕಿನ ಲೈಸೆನ್ಸಿನಿಂದ ವಿನಾಯಿತಿ ಸಿಕ್ಕಿತು, ಈಗಲೂ ಇದೆ. ಮುಂದೆ ನಾಡಿಗೆಲ್ಲ 1962ರ ಕಾಯ್ದೆಯ ಗೃಹರಕ್ಷಕ ದಳ ಬಂತು. ದುರ್ಗದಲ್ಲಿ ಗಣಪತಿ ಮೆರವಣಿಗೆಗೆ ಖಾಕಿ ತೊಟ್ಟು ನಿಲ್ಲುವವರಲ್ಲಿ ಇವರೂ ಇರುತ್ತಾರೆ. ಕೈಯಲ್ಲಿ ಸೀಟಿ, ಲಾಠಿ. ಇವರನ್ನು ದಂಗೆಕೋರರೆಂದು ಯಾರೂ ಅನ್ನುವುದಿಲ್ಲ, ಲಾವಣಿಯನ್ನೂ ಕಟ್ಟುವುದಿಲ್ಲ. ಇವರು ಕೇಳುವುದು ದಿನಭತ್ಯೆ ಹೆಚ್ಚಿಸಿ ಎಂದಷ್ಟೇ.