ನಡುಗುವ ಕೈಗೆ ಮಿದುಳಿನೊಳಗೊಂದು ತಂತಿ

ಪುಂಜಾಲಕಟ್ಟೆಯ ಪೇಟೆಯಲ್ಲಿ ಬಸ್ಸಿಳಿದು ಹೋಟೆಲೊಂದನ್ನು ಹೊಕ್ಕ ಹಿರಿಯರೊಬ್ಬರನ್ನು ಕಲ್ಪಿಸಿಕೊಳ್ಳಿ. ಚಾ ಬರುತ್ತದೆ. ಅವರು ಲೋಟವನ್ನು ಕೂಡಲೇ ಎತ್ತುವುದಿಲ್ಲ. ಸುತ್ತಲಿನವರ ಕಣ್ಣು ಬೇರೆ ಕಡೆ ಹೊರಳಲಿ ಎಂದು ಕಾಯುತ್ತಾರೆ. ಎತ್ತಿದರೆ ಕೈ ನಡುಗುತ್ತದೆ, ಚಾ ತುಳುಕುತ್ತದೆ. ನೋಡಿದವರು ‘ಪ್ರಾಯವಾಯಿತು’ ಎನ್ನುತ್ತಾರೆ; ‘ಕುಡಿತದ ಫಲ’ ಎಂದು ಪಿಸುಗುಟ್ಟುವವರೂ ಉಂಟು. ಎರಡೂ ತಪ್ಪಾಗಿರಬಹುದು.

ತೊಡೆಯ ಮೇಲಿರುವಾಗ ಶಾಂತವಾಗಿದ್ದು, ಕೆಲಸಕ್ಕೆ ತೊಡಗಿದೊಡನೆ ಕೈ ನಡುಗುವ ಒಂದು ಕಾಯಿಲೆಯುಂಟು. ಅದನ್ನು ವೈದ್ಯರು ಎಸೆನ್ಷಿಯಲ್ ಟ್ರೆಮರ್ ಎಂದು ಕರೆಯುತ್ತಾರೆ. ಪಾರ್ಕಿನ್ಸನ್ ಕಾಯಿಲೆಯ ನಡುಕ ಸಾಮಾನ್ಯವಾಗಿ ಇದಕ್ಕೆ ವಿರುದ್ಧ. ಕೈಗೆ ವಿರಾಮವಿದ್ದಾಗಲೇ ಅದು ಹೆಚ್ಚು. ಎಸೆನ್ಷಿಯಲ್ ಟ್ರೆಮರ್ ಹಲವು ಮನೆತನಗಳಲ್ಲಿ ತಂದೆತಾಯಿಯಿಂದ ಮಕ್ಕಳಿಗೆ ಬರುತ್ತದೆ. ಪ್ರಾಣಕ್ಕೆ ಅಪಾಯವಿಲ್ಲ, ನಿಜ. ಆದರೆ ಅಡಿಕೆ ಸುಲಿಯುವವರು, ಬೀಡಿ ಕಟ್ಟುವವರು, ತಮ್ಮ ಮುಖಕ್ಕೆ ತಾವೇ ಬಣ್ಣ ಬರೆದುಕೊಳ್ಳುವ ಯಕ್ಷಗಾನದ ವೇಷಧಾರಿಗಳು ಇರುವ ನಮ್ಮ ಬಂಟ್ವಾಳ, ಬೆಳ್ತಂಗಡಿ ಸೀಮೆಯಲ್ಲಿ ಕೈ ಕೈಕೊಟ್ಟಿತೆಂದರೆ ಬದುಕೇ ಕೈಕೊಟ್ಟ ಹಾಗೆ.

ಮೊದಲು ಮಾಡಬೇಕಾದದ್ದು ಪರೀಕ್ಷೆ. ಥೈರಾಯ್ಡ್ ಹೆಚ್ಚಾದರೂ, ಉಬ್ಬಸದ ಕೆಲವು ಮದ್ದುಗಳಿಂದಲೂ ಕೈ ನಡುಗುತ್ತದೆ. ಅವು ಕಾರಣವಲ್ಲವೆಂದಾದರೆ ಪ್ರೊಪ್ರಾನಲಾಲ್ ಅಥವಾ ಪ್ರಿಮಿಡೋನ್ ಎಂಬ ಮಾತ್ರೆಗಳನ್ನು ಕೊಟ್ಟು ನೋಡುತ್ತಾರೆ. ಮೊದಲನೆಯದು ಉಬ್ಬಸವುಳ್ಳವರಿಗೆ ತಕ್ಕದ್ದಲ್ಲ. ಮದ್ಯ ಸೇವಿಸಿದರೆ ಈ ನಡುಕ ಸ್ವಲ್ಪ ಹೊತ್ತು ತಗ್ಗುವುದುಂಟು. ಅದನ್ನೇ ಮದ್ದೆಂದು ನಂಬಿದವರು ಒಂದು ಕಷ್ಟದಿಂದ ಇನ್ನೊಂದಕ್ಕೆ ಬೀಳುತ್ತಾರೆ.

ಮಾತ್ರೆಗೆ ಬಗ್ಗದ ನಡುಕಕ್ಕೆ ಏನು ದಾರಿ? ಹಿಂದೆ ಮಿದುಳಿನ ಆಳದಲ್ಲಿರುವ ಥಲಾಮಸ್ಸಿನ ಒಂದು ಸಣ್ಣ ಭಾಗವನ್ನು ಸುಟ್ಟು ನಡುಕ ನಿಲ್ಲಿಸುತ್ತಿದ್ದರು. ಸುಡುವ ಮೊದಲು ಜಾಗ ಸರಿಯೇ ಎಂದು ತಿಳಿಯಲು ವಿದ್ಯುತ್ ಹರಿಸಿ ನೋಡುವುದು ಪದ್ಧತಿ. 1987ರಲ್ಲಿ ಫ್ರಾನ್ಸಿನ ಗ್ರೆನೋಬಲ್ ನಗರದ ವೈದ್ಯ ಆಲಿಮ್ ಲೂಯಿ ಬೆನಾಬಿದ್ ಅವರು, ಸೆಕೆಂಡಿಗೆ ನೂರರಷ್ಟು ಸಲ ಮಿಡಿಯುವ ವಿದ್ಯುತ್ತಿಗೆ ನಡುಕ ತಾನಾಗಿ ನಿಲ್ಲುವುದನ್ನು ಕಂಡರು. ಹಾಗಾದರೆ ಸುಡುವುದೇಕೆ, ತಂತಿಯನ್ನು ಅಲ್ಲಿಯೇ ಬಿಡಬಾರದೇಕೆ? ಡೀಪ್ ಬ್ರೈನ್ ಸ್ಟಿಮ್ಯುಲೇಷನ್ ಎಂಬ ಇಂದಿನ ಚಿಕಿತ್ಸೆ ಬೆಳೆದದ್ದು ಈ ಯೋಚನೆಯಿಂದ. 1997ರಲ್ಲಿ ಅಮೆರಿಕದ ಸರಕಾರ ಇದಕ್ಕೆ ಒಪ್ಪಿಗೆ ಕೊಟ್ಟಿತು. ನಮ್ಮ ರಾಜ್ಯದಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯಲ್ಲಿ ಈ ಶಸ್ತ್ರಕ್ರಿಯೆ ನಡೆಯುತ್ತದೆ.

ತಲೆಬುರುಡೆಯಲ್ಲಿ ಸಣ್ಣ ರಂಧ್ರ ಕೊರೆದು, ಎಂ.ಆರ್.ಐ. ಚಿತ್ರದ ಆಧಾರದಿಂದ ತೆಳುವಾದ ತಂತಿಯನ್ನು ಥಲಾಮಸ್ಸಿಗೆ ಇಳಿಸುತ್ತಾರೆ. ಮಿದುಳಿಗೆ ಸ್ವತಃ ನೋವು ತಿಳಿಯುವುದಿಲ್ಲ; ಆದುದರಿಂದ ರೋಗಿ ಅನೇಕ ಸಲ ಎಚ್ಚರವಾಗಿಯೇ ಇರುತ್ತಾನೆ. ‘ಸುರುಳಿ ಬರೆಯಿರಿ’, ‘ಲೋಟ ಹಿಡಿಯಿರಿ’ ಎಂದು ವೈದ್ಯರು ಕೇಳಿ, ನಡುಕ ತಗ್ಗುವ ಜಾಗವನ್ನು ಗೊತ್ತು ಮಾಡಿಕೊಳ್ಳುತ್ತಾರೆ. ಅಲ್ಲಿಂದ ತಂತಿ ಚರ್ಮದಡಿಯಲ್ಲಿ ಕಿವಿಯ ಹಿಂದೆ, ಕುತ್ತಿಗೆಯಲ್ಲಿ ಇಳಿದು, ಎದೆಯ ಮೇಲ್ಭಾಗದಲ್ಲಿ ಹುದುಗಿಸಿದ ಪುಟ್ಟ ಯಂತ್ರವನ್ನು ಸೇರುತ್ತದೆ.

ಲಾಭವೇನು? ತಕ್ಕ ರೋಗಿಯನ್ನು ಆರಿಸಿದರೆ ಕೈಯ ನಡುಕ ಬಹುಮಟ್ಟಿಗೆ ತಗ್ಗುತ್ತದೆ. ತುತ್ತು ಬಾಯಿಗೆ ಸೇರುತ್ತದೆ, ಸಹಿ ಸಹಿಯಾಗಿ ಕಾಣುತ್ತದೆ. ವಿದ್ಯುತ್ತನ್ನು ಹೊರಗಿನಿಂದಲೇ ಏರಿಸಬಹುದು, ಇಳಿಸಬಹುದು, ಬೇಡವಾದರೆ ನಿಲ್ಲಿಸಬಹುದು. ನಿಲ್ಲಿಸಿದರೆ ನಡುಕ ಮರಳುತ್ತದೆ. ಕಾಯಿಲೆ ಹೋಗಿಲ್ಲ; ಅದಕ್ಕೆ ತಡೆ ಹಾಕಿದ್ದೇವೆ, ಅಷ್ಟೆ.

ಈ ಲಾಭಕ್ಕೆ ಬೆಲೆಯೂ ಉಂಟು. ನೂರರಲ್ಲಿ ಒಬ್ಬಿಬ್ಬರಿಗೆ ಮಿದುಳಿನಲ್ಲಿ ರಕ್ತಸ್ರಾವವಾದೀತು. ಗಾಯ ಕೀವುಗಟ್ಟಬಹುದು, ತಂತಿ ತುಂಡಾಗಬಹುದು. ವಿದ್ಯುತ್ ಹೆಚ್ಚಾದರೆ ಕೈಮುಖ ಜುಮುಗುಡುತ್ತದೆ, ಮಾತು ತೊದಲುತ್ತದೆ, ನಡಿಗೆ ತೂಗಾಡುತ್ತದೆ. ಮಿದುಳಿನ ಎರಡೂ ಪಕ್ಕಕ್ಕೆ ತಂತಿ ಇಟ್ಟವರಲ್ಲಿ ಈ ತೊಂದರೆ ಇನ್ನೂ ಹೆಚ್ಚು. ವಿದ್ಯುತ್ತನ್ನು ತಗ್ಗಿಸಿದರೆ ಮಾತು ತಿಳಿಯಾಗುತ್ತದೆ, ಆದರೆ ನಡುಕ ತುಸು ಹಿಂದಿರುಗೀತು. ವರ್ಷಗಳು ಕಳೆದಂತೆ ಕೆಲವರಲ್ಲಿ ಫಲವೇ ಕುಂದುತ್ತದೆ. ಸಾಮಾನ್ಯ ಬ್ಯಾಟರಿಯನ್ನು ಕೆಲವು ವರ್ಷಗಳಿಗೊಮ್ಮೆ ಬದಲಿಸಬೇಕು. ಖರ್ಚು ಹಲವು ಲಕ್ಷ ರೂಪಾಯಿ. ಜೊತೆಗೆ ವಿದ್ಯುತ್ತನ್ನು ಹದಗೊಳಿಸಲು ಘಟ್ಟ ಹತ್ತಿ ಮತ್ತೆ ಮತ್ತೆ ಹೋಗಿಬರಬೇಕು. ಪುಂಜಾಲಕಟ್ಟೆಯವರಿಗೆ ಇದು ಸಣ್ಣ ಮಾತಲ್ಲ.

ಕೊಯ್ಯದೆ, ಶಬ್ದಾತೀತ ತರಂಗಗಳನ್ನು ಒಂದೆಡೆ ಕೂಡಿಸಿ ಅದೇ ಜಾಗವನ್ನು ಸುಡುವ ಇನ್ನೊಂದು ವಿಧಾನಕ್ಕೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಅಲ್ಲಿ ತಂತಿಯಿಲ್ಲ, ಬ್ಯಾಟರಿಯಿಲ್ಲ. ಆದರೆ ಸುಟ್ಟದ್ದನ್ನು ಮರಳಿ ಪಡೆಯುವ ದಾರಿಯೂ ಇಲ್ಲ.

ಹಾಗಾದರೆ ಯಾರು ಮುಂದಾಗಬೇಕು? ಕೈ ಎಷ್ಟು ನಡುಗುತ್ತದೆ ಎಂಬುದಕ್ಕಿಂತ, ಆ ನಡುಕ ಏನನ್ನು ಕಸಿದುಕೊಂಡಿದೆ ಎಂದು ಕೇಳಿಕೊಳ್ಳುವುದು ಲೇಸು. ತೋಟಕ್ಕೆ ನಡೆದೇ ಹೋಗಬೇಕಾದವನಿಗೆ ನಡಿಗೆ ದೊಡ್ಡದು. ಅರ್ಥ ಹೇಳುವ ತಾಳಮದ್ದಳೆಯವನಿಗೆ ಮಾತು ದೊಡ್ಡದು. ಬೀಡಿ ಕಟ್ಟುವ ತಾಯಿಗೆ ಬೆರಳು ದೊಡ್ಡದು. ಈ ತೂಕವನ್ನು ರೋಗಿಯೇ ವೈದ್ಯರೊಡನೆ, ಮನೆಯವರೊಡನೆ ಕುಳಿತು ಹಾಕಬೇಕು.

ಅದಕ್ಕೆ ಮೊದಲಿನ ಹೆಜ್ಜೆ ಮಾತ್ರ ಎಲ್ಲರಿಗೂ ಒಂದೇ: ನಡುಗುವ ಕೈಯನ್ನು ಶಾಲಿನಡಿಯಲ್ಲಿ ಮುಚ್ಚಿಟ್ಟುಕೊಳ್ಳದೆ ವೈದ್ಯರ ಮುಂದೆ ಚಾಚುವುದು.