ಸೌರಕೋಶ ಹಿಡಿದ ಬೆಳಕಿನ ಲೆಕ್ಕ



ಹೊಲಕ್ಕೆ ಬಿದ್ದ ಮಳೆಯಲ್ಲಿ ಹರಿದುಹೋದದ್ದನ್ನು ಕಳೆದರೆ ಇಂಗಿದ್ದೆಷ್ಟೆಂದು ತಿಳಿಯುತ್ತದೆ. ಆದರೆ ಇಂಗಿದ್ದೆಲ್ಲ ಬೇರಿಗೆ ಸಿಗುವುದಿಲ್ಲ. ಪಂಪಿಗೆ ವಿದ್ಯುತ್ ಕೊಡುವ ಸೌರಕೋಶದಲ್ಲೂ ಇದೇ ಲೆಕ್ಕ.

ನುಣುಪಾದ ಸಿಲಿಕಾನ್ ಬಿಲ್ಲೆ ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಸುಮಾರು ಮೂರನೆಯ ಒಂದು ಪಾಲನ್ನು ಹಿಂದಕ್ಕೆ ಎಸೆಯುತ್ತದೆ. ಮೇಲ್ಮೈಯಲ್ಲಿ ಕೂದಲೆಳೆಗಿಂತ ನೂರು ಪಟ್ಟಿಗೂ ಮಿಕ್ಕಿ ಸಣ್ಣ ಮೊನೆಗಳನ್ನು ಕೊರೆದರೆ ಬೆಳಕು ಒಳಗೇ ಸಿಕ್ಕಿಬೀಳುತ್ತದೆ. ಬಿಲ್ಲೆ ಕಾಡಿಗೆಯಂತೆ ಕಪ್ಪಾಗುತ್ತದೆ.

ಇದನ್ನು ಅಳೆಯಲು ಒಳಗೆಲ್ಲ ಬಿಳಿ ಬಳಿದ ಟೊಳ್ಳು ಗೋಳವೊಂದನ್ನು ಬಳಸುತ್ತಾರೆ. ಬಿಲ್ಲೆಯಿಂದ ಯಾವ ದಿಕ್ಕಿಗೆ ಚದುರಿದ ಬೆಳಕೂ ಅದರಲ್ಲಿ ಕೂಡಿ ಅಳತೆಗೆ ಸಿಗುತ್ತದೆ. ಅದನ್ನೂ, ಬಿಲ್ಲೆಯ ಆಚೆಗೆ ದಾಟಿದ್ದನ್ನೂ ಕಳೆದರೆ ಉಳಿದದ್ದು ಹೀರಿದ ಬೆಳಕು.

ಹಾಗೆಂದು ಬರಿಯ ಕಪ್ಪಿಗೆ ಮರುಳಾಗಬಾರದು. ಹಿಂಬದಿಯ ಲೋಹ ಹೀರಿದ ಬೆಳಕು ಶಾಖವಾಗಿ ಹೋಗುತ್ತದೆ. ಮೊನೆಗಳ ಮೇಲ್ಮೈಯಲ್ಲಿಯೇ ಎಲೆಕ್ಟ್ರಾನುಗಳು ನಷ್ಟವಾಗುವುದೂ ಉಂಟು. ಆದುದರಿಂದ ಒಂದೊಂದೇ ಬಣ್ಣದ ಬೆಳಕು ಹಾಯಿಸಿ, ನೂರು ಬೆಳಕಿನ ಕಣಗಳಿಗೆ ಎಷ್ಟು ಎಲೆಕ್ಟ್ರಾನುಗಳು ಹೊರಬಂದವೆಂದು ಲೆಕ್ಕ ಹಾಕುತ್ತಾರೆ. ಸಿಲಿಕಾನ್ ಸುಲಭವಾಗಿ ಹೀರದ, ಕೆಂಪಿನಾಚೆಯ ಬೆಳಕಿನಲ್ಲಿ ಈ ಲೆಕ್ಕ ಬಹು ಮುಖ್ಯ.

2015ರಲ್ಲಿ ಫಿನ್ಲೆಂಡಿನ ಆಲ್ಟೊ ವಿಶ್ವವಿದ್ಯಾನಿಲಯದವರು ಸ್ಪೇನಿನ ವಿಜ್ಞಾನಿಗಳೊಡನೆ ಕೂಡಿ ಇಂಥ ಕಪ್ಪು ಬಿಲ್ಲೆಗೆ ಅಲ್ಯುಮಿನಿಯಂ ಆಕ್ಸೈಡಿನ ತೆಳು ಲೇಪ ಕೊಟ್ಟು ಮೇಲ್ಮೈಯ ನಷ್ಟವನ್ನು ತಗ್ಗಿಸಿದರು. ಬಿದ್ದ ಬೆಳಕಿನ ಶಕ್ತಿಯಲ್ಲಿ ಶೇಕಡಾ 22.1 ಭಾಗ ವಿದ್ಯುತ್ತಾಯಿತು.